ಕುದುರೆಮುಖದ ಹಳೆ ಸರ್ವೆ ನಕ್ಷೆ: ಎಷ್ಟು ನಂಬಬಹುದು, ಎಲ್ಲಿ ಅನುಮಾನ ಪಡಬೇಕು

ಪ್ರಶ್ನೆ: ನಮ್ಮಜ್ಜ ಕಳಸದ ಹತ್ತಿರ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್ ಆಗಿದ್ದರು. ಅವರ ಟ್ರಂಕಿನಲ್ಲಿ ಬಟ್ಟೆಗೆ ಅಂಟಿಸಿದ ಹಳೆಯ ಸರ್ವೆ ನಕ್ಷೆಯೊಂದು ಸಿಕ್ಕಿತು. ಒಂದು ಇಂಚಿಗೆ ಒಂದು ಮೈಲಿ ಅಂತ ಬರೆದಿದೆ. ಕುದುರೆಮುಖದ ಬೆಟ್ಟಗಳೆಲ್ಲ ಕಂದು ಗೆರೆಗಳಲ್ಲಿವೆ. ರಸ್ತೆಯೇ ಇಲ್ಲದ ಕಾಲದಲ್ಲಿ ಈ ಕಾಡು ಬೆಟ್ಟಗಳನ್ನು ಹೇಗೆ ಅಳೆದರು? ಶಿಖರದ ಎತ್ತರ ಹಳೆ ಗೆಜೆಟಿಯರ್‌ನಲ್ಲಿ 6,215 ಅಡಿ. ಈಗ ಕೆಲವರು 1,894 ಮೀಟರ್ ಅಂತಾರೆ, ಕೆಲವರು 1,892. ನನ್ನ ಫೋನು ಇನ್ನೇನೋ ತೋರಿಸಿತು. ಯಾವುದು ಸರಿ? ಈ ನಕ್ಷೆಯಲ್ಲಿರುವ ಕಾಲುದಾರಿ ಹಿಡಿದು ನಡೆಯಬಹುದಾ?

ಉತ್ತರ: ಮೊದಲು ಒಂದು ಮಾತು. ಆ ನಕ್ಷೆಯನ್ನು ಹಳೆಯ ಮಡಿಕೆಯಲ್ಲೇ ಮತ್ತೆ ಮತ್ತೆ ಮಡಿಚಬೇಡಿ. ಬಟ್ಟೆ ಗಟ್ಟಿ ಇರುತ್ತದೆ, ಕಾಗದ ಮಾತ್ರ ಮಡಿಕೆಯಲ್ಲಿ ಪುಡಿಯಾಗುತ್ತದೆ. ಹರಡಿ ಇಡಿ, ಸಾಧ್ಯವಾದರೆ ಹಾಗೆಯೇ ಸ್ಕ್ಯಾನ್ ಮಾಡಿಸಿ.

ಈಗ ನಕ್ಷೆಯ ಬಲ ಮೂಲೆ ನೋಡಿ. 48 ಓ/8 ಅಂತ ಒಂದು ನಂಬರ್ ಇರಬೇಕು. ಭಾರತವನ್ನು ನಾಲ್ಕು ಡಿಗ್ರಿಯ ದೊಡ್ಡ ಚೌಕಗಳಾಗಿ ಹೋಳು ಮಾಡಿದಾಗ ನಮ್ಮ ಕರಾವಳಿ, ಮಲೆನಾಡು 48ನೇ ಚೌಕಕ್ಕೆ ಬಂದವು. ಅದರೊಳಗೆ ಒಂದೊಂದು ಡಿಗ್ರಿಯ 16 ಚೌಕ, ಎ ಇಂದ ಪಿ ವರೆಗೆ. ಪ್ರತಿಯೊಂದರೊಳಗೆ ಮತ್ತೆ 16. ಕುದುರೆಮುಖ ಶಿಖರ ಸುಮಾರು 13 ಡಿಗ್ರಿ 8 ನಿಮಿಷ ಉತ್ತರ, 75 ಡಿಗ್ರಿ 16 ನಿಮಿಷ ಪೂರ್ವದಲ್ಲಿದೆ. ಹಾಳೆಯ ಎಡ ಅಂಚು 75 ಡಿಗ್ರಿ 15 ನಿಮಿಷ. ಅಂದರೆ ಶಿಖರ ಹಾಳೆಯ ಎಡ ತುದಿಯಿಂದ ಬರೀ ಒಂದೂಕಾಲು ಇಂಚು ಒಳಗಿದೆ. ಅದರಾಚೆ ಬೆಳ್ತಂಗಡಿ ಕಡೆಗೆ ಧುಮುಕುವ ಇಳಿಜಾರಿದೆಯಲ್ಲ, ಇಡೀ ಬೆಟ್ಟದಲ್ಲಿ ನೋಡಬೇಕಾದ್ದೇ ಅದು. ಅದರ ಹೆಚ್ಚಿನ ಭಾಗ ಪಕ್ಕದ ಹಾಳೆ 48 ಓ/4ಕ್ಕೆ ಹೋಗಿಬಿಟ್ಟಿದೆ. ಒಂದೇ ಹಾಳೆ ಇಟ್ಟುಕೊಂಡು ಕುದುರೆಮುಖ ಬಟ್ಟಲು ಮಗುಚಿದ ಹಾಗೆ ಸೌಮ್ಯವಾದ ಬೆಟ್ಟ ಅಂದುಕೊಂಡವರನ್ನು ನಾನು ನೋಡಿದ್ದೇನೆ. ಅವರ ತಪ್ಪಲ್ಲ, ಅವರ ಹತ್ತಿರ ಅರ್ಧ ಕುದುರೆಯೇ ಇದ್ದದ್ದು.

ಅಳೆದದ್ದು ಹೇಗೆ ಅಂತ ಕೇಳಿದ್ದೀರಿ. ಕತೆ 1799ರಲ್ಲಿ ಶುರುವಾಗುತ್ತದೆ. ಶ್ರೀರಂಗಪಟ್ಟಣ ಬಿದ್ದ ಮೇಲೆ ಕಂಪನಿಗೆ ಮೈಸೂರು ಸೀಮೆ, ಕೆನರಾ ಎರಡರ ನಕ್ಷೆಯೂ ಬೇಕಾಯಿತು. ಕಾಲಿನ್ ಮೆಕೆಂಜಿ ಮೈಸೂರು ಸೀಮೆಯ ಸರ್ವೆ ಹಿಡಿದರು. ಊರು, ಕೆರೆ, ಗಡಿ, ಶಾಸನ, ಕೈಫಿಯತ್ತು (ಊರೂರಿನ ಇತಿಹಾಸದ ಬರಹ) ಎಲ್ಲ ಅವರ ಪಟ್ಟಿಯಲ್ಲಿದ್ದವು. ಕಾವಲಿ ಬೊರ್ರಯ್ಯ, ಲಕ್ಷ್ಮಯ್ಯ ಸಹೋದರರಂಥ ಸಹಾಯಕರಿಲ್ಲದೆ ಅದು ಆಗುತ್ತಲೇ ಇರಲಿಲ್ಲ. ಅದೇ ಹೊತ್ತಿಗೆ ವಿಲಿಯಂ ಲ್ಯಾಂಬ್ಟನ್ ಬೇರೆಯೇ ಕೆಲಸಕ್ಕೆ ಕೈಹಾಕಿದರು. ಊರು, ಕೆರೆ ಆಮೇಲೆ ಆಗಲಿ, ಮೊದಲು ಕದಲದ ಬಿಂದುಗಳು ಬೇಕು ಅನ್ನೋದು ಅವರ ಹಟ. 1802ರಲ್ಲಿ ಮದ್ರಾಸಿನ ಸೇಂಟ್ ಥಾಮಸ್ ಮೌಂಟ್ ಹತ್ತಿರ ಸುಮಾರು ಏಳೂವರೆ ಮೈಲಿಯ ಒಂದು ಗೆರೆಯನ್ನು ಉಕ್ಕಿನ ಸರಪಳಿ ಹಾಸಿ ಅಳೆದರು. ಆಮೇಲೆ ಸರಪಳಿ ಪಕ್ಕಕ್ಕಿಟ್ಟು ಬರೀ ಕೋನಗಳನ್ನು ಅಳೆಯುತ್ತಾ ಬೆಟ್ಟದಿಂದ ಬೆಟ್ಟಕ್ಕೆ ತ್ರಿಕೋನ ಹೆಣೆದರು. ತ್ರಿಕೋನದ ಒಂದು ಬದಿ, ಎರಡು ಕೋನ ಗೊತ್ತಿದ್ದರೆ ಉಳಿದದ್ದು ಲೆಕ್ಕ, ಹೈಸ್ಕೂಲಿನಲ್ಲಿ ಮಾಡಿದ್ದೇವಲ್ಲ. 1804ರಲ್ಲಿ ಬೆಂಗಳೂರಿನ ಹತ್ತಿರ ಇನ್ನೊಂದು ಗೆರೆ ಅಳೆದು ತಾಳೆ ನೋಡಿ, ಘಟ್ಟ ದಾಟಿ ಮಂಗಳೂರಿನ ಕಡಲು ಮುಟ್ಟಿದರು.

ಮುಟ್ಟಿದಾಗ ಒಂದು ತಮಾಷೆಯಾಯಿತು. ಅಲ್ಲಿಯವರೆಗಿನ ನಕ್ಷೆಗಳಲ್ಲಿ ಮದ್ರಾಸಿನಿಂದ ಮಂಗಳೂರಿಗೆ ಸುಮಾರು 400 ಮೈಲಿ. ಅಳೆದರೆ 360. ನಲವತ್ತು ಮೈಲಿ ದೇಶ ಕಳೆದುಹೋಗಿತ್ತು!

ಕೋನ ಅಳೆಯಲು ಅವರು ಬಳಸಿದ ಥಿಯೋಡಲೈಟು ಯಂತ್ರ ಅರ್ಧ ಟನ್‌ಗಿಂತ ಭಾರ. ಹಡಗಿನಲ್ಲಿ ಬರುವಾಗಲೇ ಫ್ರೆಂಚರ ಕೈಗೆ ಸಿಕ್ಕಿ ಮಾರಿಷಸ್ ನೋಡಿಕೊಂಡು ಬಂದದ್ದು. 1808ರಲ್ಲಿ ತಂಜಾವೂರಿನ ದೇವಸ್ಥಾನದ ಗೋಪುರಕ್ಕೆ ಏರಿಸುವಾಗ ಗೋಡೆಗೆ ಬಡಿದು ಸೊಟ್ಟಗಾಯಿತು. ಅದನ್ನು ಲ್ಯಾಂಬ್ಟನ್ ವಾರಗಟ್ಟಲೆ ಕೂತು ತಾವೇ ರಿಪೇರಿ ಮಾಡಿದರು. ಇಷ್ಟು ಭಾರದ್ದನ್ನು ಬೆಟ್ಟದ ನೆತ್ತಿಗೆ ಹೊತ್ತ ಹೆಗಲುಗಳ ಹೆಸರು ಮಾತ್ರ ಯಾವ ನಕ್ಷೆಯ ಅಂಚಿನಲ್ಲೂ ಇಲ್ಲ.

ಆದರೆ ನಿಮ್ಮ ಕೈಯಲ್ಲಿರುವ ಕಂದು ಗೆರೆಯ ನಕ್ಷೆ ಲ್ಯಾಂಬ್ಟನ್ ಮಾಡಿದ್ದಲ್ಲ. ಅವರು ಗೂಟ ಹೊಡೆದು ಹೋದರು, ಚಪ್ಪರ ಕಟ್ಟಿದವರು ಬೇರೆ. ಹತ್ತೊಂಬತ್ತನೇ ಶತಮಾನದ ನಕ್ಷೆಗಳಲ್ಲಿ ಬೆಟ್ಟ ಅಂದರೆ ಇಳಿಜಾರಿನುದ್ದಕ್ಕೂ ಸಣ್ಣ ಸಣ್ಣ ಗೀರು. ದೂರದಿಂದ ನೋಡಿದರೆ ಕಂಬಳಿಹುಳ ಮಲಗಿದ ಹಾಗೆ. ಚಂದ ಕಾಣುತ್ತದೆ, ಎತ್ತರ ಗೊತ್ತಾಗುವುದಿಲ್ಲ. 1905ರಲ್ಲಿ ಒಂದು ಸಮಿತಿ ಕೂತು, ಹಳೆಯ ಹಾಳೆಗಳು ಸಾಲವು, ಎಲ್ಲವನ್ನೂ ಹೊಸದಾಗಿ ಬಣ್ಣದಲ್ಲಿ, ಒಂದೇ ಎತ್ತರದ ಜಾಗಗಳನ್ನು ಕೂಡಿಸುವ ಕಾಂಟೂರ್ ಗೆರೆಗಳೊಂದಿಗೆ ಮಾಡಬೇಕು ಅಂತ ತೀರ್ಮಾನ ಮಾಡಿತು. ಒಂದು ಇಂಚಿಗೆ ಒಂದು ಮೈಲಿಯ ಬಣ್ಣದ ಹಾಳೆಗಳು ಬಂದದ್ದು ಆ ಮೇಲೆ. ನಿಮ್ಮ ಹಾಳೆಯ ಅಂಚಿನಲ್ಲಿ ಸರ್ವೆ ಮಾಡಿದ ವರ್ಷ ಒಂದು ಕಡೆ, ಅಚ್ಚಾದ ವರ್ಷ ಇನ್ನೊಂದು ಕಡೆ ಇರುತ್ತದೆ. ನಂಬಬೇಕಾದ್ದು ಮೊದಲನೆಯದನ್ನು.

ಆ ಕೆಲಸದ ಮುಖ್ಯ ಉಪಕರಣ ಪ್ಲೇನ್ ಟೇಬಲ್. ಮೂರು ಕಾಲಿನ ಮೇಲೆ ಒಂದು ಮರದ ಹಲಗೆ, ಅದರ ಮೇಲೆ ಕಾಗದ. ಕಾಗದದಲ್ಲಿ ತ್ರಿಕೋನ ಸರ್ವೆಯವರು ಕೊಟ್ಟ ಶಿಖರಗಳ ಚುಕ್ಕೆಗಳು ಮೊದಲೇ ಇರುತ್ತವೆ. ಸರ್ವೆಯರ್ ಒಂದು ಏಣಿನ (ಬೆಟ್ಟದ ಉದ್ದನೆಯ ಅಂಚಿನ) ಮೇಲೆ ಹಲಗೆ ನಿಲ್ಲಿಸಿ, ನೋಡುಪಟ್ಟಿಯನ್ನು ಒಂದು ಚುಕ್ಕೆಯ ಮೇಲಿಟ್ಟು ಆ ಶಿಖರಕ್ಕೆ ಗುರಿ ಹಿಡಿಯುತ್ತಾನೆ, ಗೆರೆ ಎಳೆಯುತ್ತಾನೆ. ಹಾಗೆಯೇ ಇನ್ನೆರಡು. ಮೂರು ಗೆರೆ ಸೇರುವ ಜಾಗವೇ ತಾನು ನಿಂತ ಜಾಗ. ಸಾಮಾನ್ಯವಾಗಿ ಅವು ಒಂದೇ ಚುಕ್ಕೆಯಲ್ಲಿ ಸೇರುವುದಿಲ್ಲ. ಅಕ್ಕಿಕಾಳಿನಷ್ಟು ಒಂದು ತ್ರಿಕೋನ ಬರುತ್ತದೆ. ಹಲಗೆಯನ್ನು ಕೂದಲೆಳೆಯಷ್ಟು ತಿರುಗಿಸಿ ಆ ತ್ರಿಕೋನ ಮಾಯವಾಗುವವರೆಗೆ ಮತ್ತೆ ಮತ್ತೆ ಎಳೆಯಬೇಕು. ಆಮೇಲೆ ಕ್ಲೈನೋಮೀಟರ್ ಹಿಡಿದು ಸುತ್ತಲ ಗುಡ್ಡ, ಕಣಿವೆಗಳ ಏರು ತಗ್ಗಿನ ಕೋನ ನೋಡಿ ಎತ್ತರ ಲೆಕ್ಕ ಹಾಕುವುದು. ಆಮೇಲೆ, ಇದು ಮುಖ್ಯ, ಎದುರಿಗೆ ಬೆಟ್ಟವನ್ನು ನೋಡುತ್ತಾ ಕಾಂಟೂರ್ ಗೆರೆಗಳನ್ನು ಅಲ್ಲಿಯೇ ಬಿಡಿಸುವುದು. ಲೆಕ್ಕ ಹಾಕಿದ ಎತ್ತರಗಳು ಎಲ್ಲೋ ಕೆಲವು. ಅವುಗಳ ನಡುವಿನ ಗೆರೆಯೆಲ್ಲ ಕಣ್ಣು ಕಂಡು ಕೈ ಬರೆದದ್ದು.

ಹಾಗಾಗಿ ಹಳೆಯ ನಕ್ಷೆ ಓದುವಾಗ ನಾನು ಕೇಳಿಕೊಳ್ಳುವ ಪ್ರಶ್ನೆ ಒಂದೇ. ಈ ಜಾಗ ಸರ್ವೆಯರ್‌ಗೆ ಕಾಣುತ್ತಿತ್ತಾ?

ಕುದುರೆಮುಖದಲ್ಲಿ ಈ ಪ್ರಶ್ನೆಗೆ ಒಳ್ಳೆ ಉತ್ತರ ಸಿಗುತ್ತದೆ. ಇಲ್ಲಿ ಏಣು, ಬೆನ್ನುಗಳೆಲ್ಲ ಹುಲ್ಲು. ಬೆಟ್ಟದ ಮಡಿಕೆಗಳಲ್ಲಿ ಮಾತ್ರ ಶೋಲಾ ಅನ್ನುವ ದಟ್ಟ ಕಾಡು. ಹುಲ್ಲಿನ ಏಣಿನಲ್ಲಿ ನಿಂತವನಿಗೆ ಹತ್ತಾರು ಮೈಲಿ ನೋಟ. ಅದಕ್ಕೇ ಹಳೆಯ ಹಾಳೆಯ ಏಣುಗಳು ಆಶ್ಚರ್ಯವಾಗುವಷ್ಟು ಸರಿ ಇರುತ್ತವೆ. ಕುರಿಂಜಲ್, ಗಂಗಡಿಕಲ್ ಕಡೆಯ ಏಣುಗಳ ತಿರುವನ್ನು ಇವತ್ತಿನ ಉಪಗ್ರಹ ಚಿತ್ರದ ಮೇಲೆ ಇಟ್ಟು ನೋಡಿ, ಬೇಕಾದರೆ. ಶೋಲಾದೊಳಗಿನ ಕತೆ ಬೇರೆ. ಮೇಲಿಂದ ನೋಡಿದರೆ ಕಾಣುವುದು ಮರದ ನೆತ್ತಿ. ಒಳಗೆ ಹಳ್ಳ ಎಲ್ಲಿ ಹೊರಳುತ್ತದೆ, ಎಲ್ಲಿ ಬಂಡೆ ಹಾರುತ್ತದೆ ಅನ್ನೋದು ಅಂದಾಜು. ಮುಂದೆ ವಿಮಾನದ ಫೋಟೋ ಇಟ್ಟು 1:50,000ದ ನಕ್ಷೆ ಮಾಡಿದಾಗಲೂ ಈ ತೊಂದರೆ ಪೂರ್ತಿ ಹೋಗಲಿಲ್ಲ. ವಿಮಾನಕ್ಕೂ ಮರದ ನೆತ್ತಿಯೇ ಅಲ್ವಾ ಕಾಣೋದು.

ನಾನೂ ಒಮ್ಮೆ ಮೋಸ ಹೋಗಿದ್ದೇನೆ. ಆಗ ಕೆಲಸಕ್ಕೆ ಸೇರಿ ಎರಡು ವರ್ಷ, ನಕ್ಷೆ ಅಂದರೆ ವೇದ. ಬೆಟ್ಟದ ಬುಡದ ಸಂಸೆ ಊರಿನ ಮೇಲಿನ ಒಂದು ಶೋಲಾ ದಾಟಬೇಕಿತ್ತು. ಹಾಳೆಯಲ್ಲಿ ಹಳ್ಳ ನೇರವಾಗಿ ಕೆಳಗೆ ಬಂದು ಇನ್ನೊಂದನ್ನು ಕೂಡುತ್ತದೆ. ಜೊತೆಗಿದ್ದ ಊರಿನ ಹಿರಿಯರು ಹಾಳೆಯತ್ತ ಕಣ್ಣೂ ಹಾಕದೆ ಹೇಳಿದರು. "ಆ ಹಳ್ಳ ಅಲ್ಲಿಗೆ ಬರೂದಿಲ್ಲ ಮಾರಾಯ್ರೆ. ಬಂಡೆ ಬುಡದಲ್ಲಿ ಎಡಕ್ಕೆ ತಿರುಗ್ತದೆ." ನಾನು ಕೇಳಲಿಲ್ಲ. ಮುಕ್ಕಾಲು ಗಂಟೆ ಉಂಬಳ (ಜಿಗಣೆ) ಕಿತ್ತುಕೊಳ್ಳುತ್ತಾ ಇಳಿದು, ಬಂಡೆಯ ಬುಡದಲ್ಲಿ ಎಡಕ್ಕೆ ತಿರುಗಿದ ಹಳ್ಳವನ್ನು ನೋಡಿದೆ. ಅವರು ಏನೂ ಅನ್ನಲಿಲ್ಲ, ಎಲೆ ಅಡಿಕೆ ತೆಗೆದರು. ಹಾಳೆಯಲ್ಲಿ ಅದೇ ಜಾಗದಲ್ಲಿ ಕಾಂಟೂರುಗಳು ಬಾಚಿದ ತಲೆಯ ಹಾಗೆ ಸಮನಾಗಿ ಇದ್ದವು. ಈಗ ಅಷ್ಟು ನಯವಾದ ಕಾಂಟೂರು ಕಾಡಿನ ಹಸಿರಿನೊಳಗೆ ಕಂಡರೆ ನನಗೆ ಗೊತ್ತಾಗಿಬಿಡುತ್ತದೆ, ಇಲ್ಲಿ ಯಾರೂ ಇಳಿದಿಲ್ಲ.

ಆ ಸರ್ವೆಯವರನ್ನು ದೂರಿ ಪ್ರಯೋಜನ ಇಲ್ಲ ಬಿಡಿ. ವರ್ಷಕ್ಕೆ ಸುಮಾರು 7,000 ಮಿಲಿಮೀಟರ್ ಮಳೆ ಬೀಳುವ ಜಾಗ ಇದು. ಮಳೆ ನಿಂತ ಮೇಲೆ ಬಂದು, ಮುಂದಿನ ಮಳೆಯ ಮೊದಲು ಹೋಗಬೇಕು. ಚಳಿಗಾಲದ ಬೆಳಗ್ಗೆ ಕಣಿವೆ ತುಂಬ ಮಂಜು, ಬೇಸಿಗೆಯಲ್ಲಿ ಹುಲ್ಲಿಗೆ ಬಿದ್ದ ಬೆಂಕಿಯ ಹೊಗೆ. ಮೇಲೆ ಮಲೆನಾಡಿನ ಮಲೇರಿಯ. ಮಳೆಗಾಲದಲ್ಲಿ ಆಫೀಸಿನಲ್ಲಿ ಕೂತು ಮಸಿ ಹಾಕಿ ನಕ್ಷೆ ಪೂರೈಸುವುದು.

ಇನ್ನು ಎತ್ತರ. 6,215 ಅಡಿಯನ್ನು 0.3048ರಿಂದ ಗುಣಿಸಿ. 1,894.3 ಬರುತ್ತದೆ. ಅಂದರೆ ಇವತ್ತು ಬೋರ್ಡಿನ ಮೇಲೆ ಕಾಣುವ 1,894 ಮೀಟರ್ ಹೊಸ ಅಳತೆಯೇನಲ್ಲ, ಹಳೆಯ ಅಡಿಗೆ ಮೀಟರಿನ ಅಂಗಿ ತೊಡಿಸಿದ್ದು. ಮುಳ್ಳಯ್ಯನಗಿರಿಯದೂ ಹಾಗೇ, 6,317 ಅಡಿ, 1,925 ಮೀಟರ್.

ಹಾಗಾದರೆ 1,892? ಎರಡು ಮೀಟರ್ ಅಂದರೆ ಎಷ್ಟು ಅಂತ ಸರ್ವೆಯವರ ಕಣ್ಣಲ್ಲಿ ನೋಡೋಣ. ನೀವು ಕಡಲ ತೀರದಲ್ಲಿ ಥಿಯೋಡಲೈಟ್ ಇಟ್ಟು 50 ಕಿಲೋಮೀಟರ್ ದೂರದ ಕುದುರೆಮುಖಕ್ಕೆ ಗುರಿ ಹಿಡಿದಿದ್ದೀರಿ ಅಂದುಕೊಳ್ಳಿ. ಭೂಮಿಯ ಬಾಗಿನಿಂದಾಗಿಯೇ ಶಿಖರ ಸುಮಾರು 195 ಮೀಟರ್ ತಗ್ಗಿ ಕಾಣುತ್ತದೆ. ಗಾಳಿ ಬೆಳಕನ್ನು ಬಾಗಿಸುವುದರಿಂದ ಅದರಲ್ಲಿ 25 ಮೀಟರಿನಷ್ಟು ವಾಪಸ್ ಬರುತ್ತದೆ. ಆ 25 ಕೂಡ ಬೆಳಗ್ಗೆ ಒಂದು, ಮಧ್ಯಾಹ್ನ ಒಂದು. ಅದಕ್ಕೇ ಎತ್ತರದ ಕೋನಗಳನ್ನು ಬೆಳಕಿನ ಬಾಗು ಕಡಿಮೆ ಇರುವ ನಡುಮಧ್ಯಾಹ್ನದ ಬಿಸಿಲಿನಲ್ಲೇ ನೋಡುತ್ತಿದ್ದರು. ಅಷ್ಟು ದೂರಕ್ಕೆ ಎರಡು ಮೀಟರ್ ಅಂದರೆ ಸುಮಾರು ಎಂಟು ಸೆಕೆಂಡಿನ ಕೋನ. ಒಂದು ಡಿಗ್ರಿಯನ್ನು 3,600 ಹೋಳು ಮಾಡಿದರೆ ಅದರಲ್ಲಿ ಎಂಟು. 1,894 ಮತ್ತು 1,892ರ ಜಗಳ ಅಷ್ಟೇ. ನೀವು ಯಾವುದನ್ನು ಬರೆದರೂ ನಾನು ತಪ್ಪು ಅನ್ನುವುದಿಲ್ಲ.

ಫೋನಿನದು ಮಾತ್ರ ಬೇರೆ ತರಹದ ತಪ್ಪು. ಸರ್ವೆ ನಕ್ಷೆಯ ಎತ್ತರ ಸಮುದ್ರ ಮಟ್ಟದಿಂದ. 1909ರ ಹೊತ್ತಿಗೆ ಒಂಬತ್ತು ಬಂದರುಗಳಲ್ಲಿ ಭರತ ಇಳಿತ ಅಳೆದು ಆ ಮಟ್ಟ ಕಟ್ಟಿದರು, ಅದರಲ್ಲಿ ನಮ್ಮ ಕಾರವಾರವೂ ಒಂದು. ಜಿಪಿಎಸ್ ಅಳೆಯುವುದು ಲೆಕ್ಕದಲ್ಲಿ ಮಾಡಿದ ಒಂದು ನಯವಾದ ಮೊಟ್ಟೆಯಾಕಾರದಿಂದ. ದಕ್ಷಿಣ ಭಾರತದಲ್ಲಿ ನಿಜವಾದ ಸಮುದ್ರ ಮಟ್ಟ ಆ ಮೊಟ್ಟೆಗಿಂತ 80–90 ಮೀಟರ್ ಕೆಳಗಿದೆ. ಇದನ್ನು ಸರಿಮಾಡಿಕೊಳ್ಳದ ಆ್ಯಪ್ ತೆರೆದು ಪಣಂಬೂರು ಬೀಚಿನಲ್ಲಿ ಕಾಲು ನೆನೆಸಿಕೊಂಡು ನಿಂತರೆ ಎತ್ತರ ಮೈನಸ್ 80ರ ಆಚೆ ತೋರಿಸುತ್ತದೆ. ನೀವು ನೀರಿನಡಿ ಇಲ್ಲ, ಗಾಬರಿ ಬೇಡ. ಶಿಖರದಲ್ಲಿ ನಿಮಗೆ 1,800ರ ಆಸುಪಾಸು ತೋರಿಸಿದ್ದರೆ ಕಾರಣ ಇದೇ. ಇನ್ನು ಕೆಲವು ಆ್ಯಪ್‌ಗಳು 2000ನೇ ಇಸವಿಯ ಫೆಬ್ರವರಿಯಲ್ಲಿ ಬಾಹ್ಯಾಕಾಶ ನೌಕೆಯಿಂದ 11 ದಿನ ರಾಡಾರ್ ಹಾಯಿಸಿ ಮಾಡಿದ ಎತ್ತರವನ್ನೇ ಬಳಸುತ್ತವೆ. ಅದು ಸುಮಾರು 30 ಮೀಟರಿನ ಚೌಕಕ್ಕೆ ಒಂದು ಸರಾಸರಿ ಎತ್ತರ. ಚೂಪು ನೆತ್ತಿ ಸ್ವಲ್ಪ ಬೋಳಾಗುತ್ತದೆ, ಶೋಲಾದ ಮೇಲೆ ನೆಲದ ಬದಲು ಮರದ ಎತ್ತರ ಸೇರುತ್ತದೆ. ಎತ್ತರದ ವಿಷಯದಲ್ಲಿ ನನ್ನ ಓಟು ನಿಮ್ಮಜ್ಜನ ಕಾಲದ ತ್ರಿಕೋನ ಚಿಹ್ನೆಗೇ, ಅಂದರೆ ತ್ರಿಕೋನ ಸರ್ವೆಯವರು ಶಿಖರಕ್ಕೆ ಕೊಟ್ಟ ಎತ್ತರಕ್ಕೇ.

ಹೆಸರುಗಳ ವಿಷಯದಲ್ಲಿ ಹಾಗನ್ನಲಾರೆ. ಸರ್ವೆಯರ್ ಕೇಳಿದ್ದನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದ. ಅಲ್ಲಿ ಲ, ಳ ಒಂದೇ, ನ, ಣ ಒಂದೇ, ದ, ಡ ಒಂದೇ. ಆಮೇಲೆ ಯಾರೋ ಅದನ್ನು ನೋಡಿ ವಾಪಸ್ ಕನ್ನಡಕ್ಕೆ ತಂದರೆ ಕಳಸ ಹೋಗಿ ಕಲಸ ಆಗುತ್ತದೆ. ಘಟ್ಟದ ಕೆಳಗೆ ತುಳು, ಮೇಲೆ ಕನ್ನಡ. ಒಂದೇ ಗುಡ್ಡಕ್ಕೆ ಎರಡು ಕಡೆ ಎರಡು ಹೆಸರಿದ್ದರೆ, ಸರ್ವೆಯರ್ ಯಾವ ಕಡೆಯಿಂದ ಹತ್ತಿದನೋ ಆ ಕಡೆಯದು ಅಚ್ಚಾಯಿತು. ಕುದುರೆಮುಖ ಅನ್ನುವ ಹೆಸರೇ ನೋಡಿ, ಬೆಟ್ಟವನ್ನು ಒಂದು ಮಗ್ಗುಲಿನಿಂದ ನೋಡಿದವರು ಇಟ್ಟದ್ದು. ಕಡಲಿನ ಕಡೆಯವರಿಗೆ ಅದು ದೋಣಿಯ ದಿಕ್ಕು ಹೇಳುವ ಗುರುತು. ಸಂಸೆಯ ಕಡೆಯವರಿಗೆ ಸಂಸೆ ಪರ್ವತ.

ಶಿಖರದ ಪಕ್ಕದಲ್ಲೇ ಏಣಿನ ಮೇಲೆ ಚುಕ್ಕೆ, ಅಡ್ಡಗೀಟಿನ ಒಂದು ಗೆರೆ ಹೋಗುತ್ತದಲ್ಲ, ಅದನ್ನು ಬೆರಳಿಟ್ಟು ಹಿಂಬಾಲಿಸಿ. ಇವತ್ತು ಅದು ಚಿಕ್ಕಮಗಳೂರು, ದಕ್ಷಿಣ ಕನ್ನಡ ಜಿಲ್ಲೆಗಳ ಗಡಿ. ನಿಮ್ಮ ಹಾಳೆಯಲ್ಲಿ ಅದು ಮೈಸೂರು ಸಂಸ್ಥಾನಕ್ಕೂ ಮದ್ರಾಸ್ ಪ್ರಾಂತ್ಯದ ಸೌತ್ ಕೆನರಾಕ್ಕೂ ನಡುವಿನ ಗಡಿ. ರಾಜ್ಯಗಳ ನಡುವಿನ ಆ ಗಡಿ 1956ರಲ್ಲಿ ಅಳಿಸಿಹೋಯಿತು. ಆದರೆ ಕಾರ್ಕಳದಿಂದ ಕುದುರೆಮುಖಕ್ಕೆ ಬಸ್ಸಿನಲ್ಲಿ ಬಂದವರಿಗೆ "ಎಸ್.ಕೆ. ಬಾರ್ಡರ್" ಅನ್ನುವ ಸ್ಟಾಪು ಗೊತ್ತು. ಶೃಂಗೇರಿ ದಾರಿ ಕವಲೊಡೆಯುವ ಜಾಗ. ಎಸ್.ಕೆ. ಅಂದರೆ ಯಾರೋ ಸಾಹುಕಾರರು ಅಂದುಕೊಂಡವರೂ ಇದ್ದಾರೆ. ಸೌತ್ ಕೆನರಾ, ಅಷ್ಟೇ.

ನಿಮ್ಮ ಹಾಳೆಯಲ್ಲಿ ರಾಷ್ಟ್ರೀಯ ಉದ್ಯಾನ ಇರುವುದಿಲ್ಲ. ಅದು ಘೋಷಣೆಯಾದದ್ದು 1987ರಲ್ಲಿ, 600 ಚದರ ಕಿಲೋಮೀಟರ್. ಹಾಳೆಯಲ್ಲಿರುವುದು ಆರ್.ಎಫ್. ಅನ್ನುವ ಎರಡಕ್ಷರ, ರಿಸರ್ವ್ ಫಾರೆಸ್ಟ್. ಗಣಿಯೂ ಇರುವುದಿಲ್ಲ. ಕಬ್ಬಿಣದ ಕಂಪನಿ ಬಂದದ್ದು 1976ರಲ್ಲಿ, ಸುಪ್ರೀಂ ಕೋರ್ಟ್ ಆದೇಶದಂತೆ ಅಗೆತ ನಿಂತದ್ದು 2005ರ ಕೊನೆಗೆ. ನನಗೆ ಹಳೆಯ ಹಾಳೆ ಬೆಲೆಬಾಳುವುದು ಇಲ್ಲಿಯೇ. ಲಖ್ಯಾ ಹೊಳೆಗೆ 100 ಮೀಟರ್ ಎತ್ತರದ ಅಣೆಕಟ್ಟು ಕಟ್ಟಿ, ಅದಿರು ತೆಗೆದ ಮೇಲೆ ಉಳಿದ ಕೆಸರನ್ನು ಅದರ ಹಿಂದೆ ತುಂಬಿದರು. ಇವತ್ತು ಉಪಗ್ರಹ ಚಿತ್ರದಲ್ಲಿ ಅಲ್ಲಿ ಕಾಣುವುದು ತಟ್ಟೆಯಂಥ ಸಮತಟ್ಟು. ಅದರಡಿ ಹೊಳೆ ಹೇಗೆ ಹರಿಯುತ್ತಿತ್ತು, ಕಣಿವೆಯ ತಳ ಎಷ್ಟು ಆಳ, ಶೋಲಾ ಎಲ್ಲಿಯವರೆಗೆ ಇಳಿದಿತ್ತು ಅನ್ನುವುದಕ್ಕೆ ಗಣಿಗಿಂತ ಹಿಂದಿನ ಕಾಂಟೂರ್ ಗೆರೆಗಳನ್ನೇ ಕೇಳಬೇಕು. ಅಗೆದ ಗುಡ್ಡದ ಹಳೆಯ ನೆತ್ತಿಯೂ ಹಾಳೆಯಲ್ಲಿದೆ, ನೆಲದ ಮೇಲಿಲ್ಲ.

ಕಾಲುದಾರಿ ಹಿಡಿದು ನಡೆಯಬಹುದಾ? ಬೇಡ. ಮೊದಲನೆಯದಾಗಿ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ, ಅವರು ಹೇಳಿದ ದಾರಿ ಬಿಟ್ಟು ಒಳಗೆ ಹೋಗುವ ಹಾಗಿಲ್ಲ. ಎರಡನೆಯದಾಗಿ ಹಾಳೆಯ ಚುಕ್ಕೆ ಗೆರೆ ಆ ವರ್ಷ ಜನ ನಡೆಯುತ್ತಿದ್ದ ದಾರಿ. ತಲೆಹೊರೆಯವರು, ದನ ಹೊಡೆದುಕೊಂಡು ಹೋಗುವವರು ಘಟ್ಟ ಇಳಿದು ಬೆಳ್ತಂಗಡಿ ಕಡೆ ಹೋಗುತ್ತಿದ್ದರು. ಬಸ್ಸು ಬಂದ ಮೇಲೆ ಆ ದಾರಿಗಳನ್ನು ಕಾಡು ವಾಪಸ್ ತೆಗೆದುಕೊಂಡಿದೆ.

ಸ್ಕ್ಯಾನ್ ಮಾಡಿ ಫೋನಿನ ನಕ್ಷೆಯ ಮೇಲೆ ಕೂರಿಸುವ ಆಸೆ ಇದ್ದರೆ ಇದು ನೆನಪಿಡಿ. ಹಳೆಯ ಹಾಳೆಯ ಅಕ್ಷಾಂಶ, ರೇಖಾಂಶ ಎವರೆಸ್ಟ್ ಅನ್ನುವ ಹಳೆಯ ಮೊಟ್ಟೆಯದು, ಜಿಪಿಎಸ್‌ದು ಬೇರೆ ಮೊಟ್ಟೆ. ಮೂಲೆಗಳ ಅಂಕಿ ಹಾಗೆಯೇ ಹಾಕಿದರೆ ಎಲ್ಲವೂ ನೂರಿನ್ನೂರು ಮೀಟರ್ ಸರಿದು ಕೂರುತ್ತದೆ. ಸರ್ವೆಯವರು ತಪ್ಪು ಮಾಡಿದ್ದಾರೆ ಅಂತ ಬೈಯಬೇಡಿ, ಸಾಫ್ಟ್‌ವೇರ್‌ನಲ್ಲಿ ಡೇಟಮ್ (ಯಾವ ಮೊಟ್ಟೆಯ ಲೆಕ್ಕ ಅನ್ನುವುದು) ಬದಲಿಸಿ. ಹೋಲಿಸಿ ನೋಡೋಕೆ ಹೊಸ 1:50,000ದ ಓಪನ್ ಸೀರೀಸ್ ಹಾಳೆಗಳು ಸರ್ವೆ ಆಫ್ ಇಂಡಿಯಾದ ಆನ್‌ಲೈನ್ ಪೋರ್ಟಲಿನಲ್ಲಿ ಸಿಗುತ್ತವೆ. ನಮ್ಮ ಕಾಲದಲ್ಲಿ ಕರಾವಳಿ ಹತ್ತಿರದ ಹಾಳೆಗಳೆಲ್ಲ ನಿರ್ಬಂಧಿತ. ಒಂದು ಹಾಳೆಗೆ ಅರ್ಜಿ, ಸಹಿ, ಸೀಲು, ತಿಂಗಳ ಕಾಯುವಿಕೆ. ಎಸ್ಟೇಟ್ ರೈಟರ ಟ್ರಂಕಿನಲ್ಲಿ ಒಂದು ಉಳಿದದ್ದು ಪುಣ್ಯ.

ಕೊನೆಗೆ ನಾನೇ ಒಂದು ಕೇಳುತ್ತೇನೆ. ಹಾಳೆಯ ಮೇಲೆ, ಬೆನ್ನಿನ ಬಟ್ಟೆಯ ಮೇಲೆ ಪೆನ್ಸಿಲಿನ ಗುರುತೇನಾದರೂ ಇದೆಯಾ ನೋಡಿ. ನೀರಿನ ಕಾಲುವೆ, ಗಡಿಕಲ್ಲು, ಆಳುಗಳು ಕರೆಯುತ್ತಿದ್ದ ಗುಡ್ಡದ ಹೆಸರು ಇಂಥವನ್ನೆಲ್ಲ ರೈಟರುಗಳು ಹಾಳೆಯ ಮೇಲೇ ಗೀಚಿಡುತ್ತಿದ್ದರು. ಅಚ್ಚಾದ ಹೆಸರನ್ನು ಹೊಡೆದು ನಿಮ್ಮಜ್ಜ ಪಕ್ಕದಲ್ಲಿ ಬೇರೆ ಹೆಸರು ಬರೆದಿದ್ದರೆ ಅಳಿಸಬೇಡಿ, ಒಂದು ಫೋಟೋ ಕಳಿಸಿ.